ಯಂತ್ರ ಎಣಿಸಿದ್ದು, ಕಣ್ಣು ಕಂಡದ್ದು: ರಕ್ತಪರೀಕ್ಷೆಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಯಜಮಾನರಿಗೆ ನಾಲ್ಕು ದಿನ ಜ್ವರವಿತ್ತು. ಊರಿನ ಲ್ಯಾಬಿನಲ್ಲಿ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿದಾಗ ಪ್ಲೇಟ್‌ಲೆಟ್ 42,000 ಎಂದು ಬಂತು. ಡೆಂಗ್ಯೂ ಎಂದು ಹೆದರಿ, ಮರುದಿನವೇ ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಸ್ಲೈಡ್ ನೋಡಿ 1.6 ಲಕ್ಷ ಇದೆ ಎಂದರು. ಒಂದೇ ದಿನದಲ್ಲಿ ಇಷ್ಟು ಏರುವುದುಂಟೇ? ಮೊದಲ ಲ್ಯಾಬಿನವರು ತಪ್ಪು ಮಾಡಿದರೇ? - ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಡೆಂಗ್ಯೂವಿನಲ್ಲಿ ಪ್ಲೇಟ್‌ಲೆಟ್ ಇಳಿಯುತ್ತಿರುವ ದಿನಗಳಲ್ಲಿ ಅದು ರಾತ್ರಿ ಕಳೆಯುವಷ್ಟರಲ್ಲಿ ನಾಲ್ಕು ಪಟ್ಟಾಗುವುದಿಲ್ಲ. ಆದುದರಿಂದ ಎರಡರಲ್ಲಿ ಒಂದು ಅಂಕಿ ನಿಜವಲ್ಲ, ನೀವು ಬರೆದಿರುವುದನ್ನು ನೋಡಿದರೆ ಅದು ಮೊದಲನೆಯದೇ ಇರಬೇಕು. ಹಾಗೆಂದು ಆ ಲ್ಯಾಬಿನ ಯಂತ್ರ ಕೆಟ್ಟಿತ್ತು ಎಂದಾಗಲಿ, ಅಲ್ಲಿಯ ತಂತ್ರಜ್ಞರು ಅಸಡ್ಡೆ ಮಾಡಿದರು ಎಂದಾಗಲಿ ಹೇಳಲಾಗದು. ಯಂತ್ರವು ತನಗೆ ಕಂಡದ್ದನ್ನು ಸರಿಯಾಗಿಯೇ ಎಣಿಸಿರಬಹುದು.

ಯಂತ್ರಕ್ಕೆ ಕಾಣುವುದು ಏನು ಎಂಬುದನ್ನು ಮೊದಲು ತಿಳಿಯಬೇಕು. ಅಮೆರಿಕದ ವ್ಯಾಲೇಸ್ ಕೋಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ಉಪಾಯವನ್ನೇ ಇಂದಿಗೂ ಬಹುಪಾಲು ಯಂತ್ರಗಳು ಬಳಸುತ್ತವೆ. ತೆಳುಗೊಳಿಸಿದ ರಕ್ತವನ್ನು ಅತಿ ಸಣ್ಣ ರಂಧ್ರದ ಮೂಲಕ ಹರಿಸಿ ಅದರ ಎರಡೂ ಬದಿಗೆ ವಿದ್ಯುತ್ ಕೊಟ್ಟಾಗ, ಒಂದೊಂದು ಕಣ ದಾಟುವಾಗಲೂ ವಿದ್ಯುತ್ತಿಗೆ ಕ್ಷಣಕಾಲ ತಡೆಯಾಗುತ್ತದೆ. ಕಣ ದೊಡ್ಡದಾದಷ್ಟೂ ತಡೆ ಹೆಚ್ಚು. ಕೆಂಪು ರಕ್ತಕಣದ ಗಾತ್ರ ಸುಮಾರು 80ರಿಂದ 100 ಫೆಮ್ಟೋಲೀಟರ್. ಪ್ಲೇಟ್‌ಲೆಟ್ಟಿನದು ಅದರ ಹತ್ತನೆಯ ಒಂದು ಭಾಗದಷ್ಟು. ಹೀಗೆ ಯಂತ್ರವು ಬರಿಯ ಗಾತ್ರವನ್ನು ನೋಡಿ ‘ಇದು ಪ್ಲೇಟ್‌ಲೆಟ್, ಇದು ಕೆಂಪುಕಣ’ ಎಂದು ಬೇರ್ಪಡಿಸುತ್ತದೆಯೇ ಹೊರತು ಕಣದ ಮುಖ ನೋಡಿ ಅಲ್ಲ.

ಇನ್ನು ನಿಮ್ಮ ಯಜಮಾನರ ರಕ್ತವನ್ನು ತುಂಬಿದ ನೇರಳೆ ಮುಚ್ಚಳದ ಟ್ಯೂಬಿನ ವಿಷಯ. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ರಾಸಾಯನಿಕವಿರುತ್ತದೆ. ಕೆಲವೇ ಕೆಲವರ ರಕ್ತದಲ್ಲಿರುವ ಒಂದು ಪ್ರತಿಕಾಯವು ಇಡಿಟಿಎ ಜೊತೆ ಸೇರಿದಾಗ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಇದು ನಡೆಯುವುದು ಟ್ಯೂಬಿನೊಳಗೆ, ರೋಗಿಯ ಮೈಯಲ್ಲಲ್ಲ. ಹತ್ತು ಹದಿನೈದು ಪ್ಲೇಟ್‌ಲೆಟ್ ಸೇರಿದ ಗುಂಪು ರಂಧ್ರವನ್ನು ದಾಟಿದಾಗ ಯಂತ್ರಕ್ಕೆ ಅದು ಪ್ಲೇಟ್‌ಲೆಟ್ ಎನಿಸುವುದೇ ಇಲ್ಲ. ಕೆಲವೊಮ್ಮೆ ಅದನ್ನು ಬಿಳಿ ರಕ್ತಕಣದ ಲೆಕ್ಕಕ್ಕೆ ಸೇರಿಸುವುದೂ ಉಂಟು. ರಕ್ತನಾಳ ಸಿಗದೆ ಸೂಜಿಯನ್ನು ಆಚೀಚೆ ಆಡಿಸಿ ನಿಧಾನವಾಗಿ ರಕ್ತ ತೆಗೆದಾಗ, ಅಥವಾ ಟ್ಯೂಬನ್ನು ಎಂಟು ಹತ್ತು ಬಾರಿ ಮೆಲ್ಲಗೆ ಬುಡಮೇಲು ಮಾಡಿ ಬೆರೆಸದೇ ಇದ್ದಾಗಲೂ ಸಣ್ಣ ಹೆಪ್ಪುಗಳಾಗಿ ಇದೇ ಬಗೆಯ ಸುಳ್ಳು ಅಂಕಿ ಬರುತ್ತದೆ. ನನ್ನ ಅನುಭವದಲ್ಲಿ ಪ್ರತಿಕಾಯಕ್ಕಿಂತ ಈ ಎರಡನೆಯ ಕಾರಣವೇ ಹೆಚ್ಚು.

ದೊಡ್ಡ ಆಸ್ಪತ್ರೆಯವರು ಸ್ಲೈಡ್ ನೋಡಿದ್ದು ಇದಕ್ಕಾಗಿಯೇ. ಗಾಜಿನ ಮೇಲೆ ಎಳೆದ ರಕ್ತಲೇಪದ ಬಾಲದ ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳ ಗುಂಪುಗಳಿದ್ದರೆ ನೇರಳೆ ಬಣ್ಣದ ರಾಗಿ ತರಿಯನ್ನು ಚಿಟಿಕೆ ಚಿಟಿಕೆಯಾಗಿ ಚೆಲ್ಲಿದಂತೆ ಕಾಣುತ್ತದೆ. ಗುಂಪುಗಳಿಲ್ಲದ ಒಳ್ಳೆಯ ಲೇಪದಲ್ಲಾದರೆ ಎಣ್ಣೆ ಹಾಕಿ ನೋಡುವ ನೂರು ಪಟ್ಟಿನ ಮಸೂರದಡಿ ಹತ್ತು ಕಡೆ ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸುತ್ತಾರೆ. ಸರಾಸರಿ 11 ಬಂದರೆ 1.65 ಲಕ್ಷ. ನಿಮಗೆ ಹೇಳಿದ ಅಂಕಿ ಹೀಗೇ ಬಂದದ್ದಿರಬಹುದು. ಇದು ಅಂದಾಜೇ ನಿಜ, ಆದರೆ 42 ಸಾವಿರಕ್ಕೂ ಒಂದೂವರೆ ಲಕ್ಷಕ್ಕೂ ಇರುವ ಅಂತರವನ್ನು ತೀರ್ಮಾನಿಸಲು ಅಷ್ಟು ಸಾಕು.

ಮುಂದೆ ಎಲ್ಲಿ ರಕ್ತ ಕೊಟ್ಟರೂ ಈ ಸಂಗತಿಯನ್ನು ಮೊದಲೇ ತಿಳಿಸಿ. ಇಡಿಟಿಎಯಲ್ಲಿ ಪ್ಲೇಟ್‌ಲೆಟ್ ಅಂಟಿಕೊಳ್ಳುವವರಿಗೆ ಸಾಮಾನ್ಯವಾಗಿ ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ರಕ್ತ ತೆಗೆದು, ಅದರಲ್ಲಿರುವ ದ್ರವದಿಂದ ರಕ್ತ ತೆಳುವಾಗುವ ಕಾರಣ ಬಂದ ಅಂಕಿಯನ್ನು 1.1ರಿಂದ ಗುಣಿಸುತ್ತಾರೆ. ಪ್ಲೇಟ್‌ಲೆಟ್ ಸರಿಯಿದ್ದ ಮಾತ್ರಕ್ಕೆ ಡೆಂಗ್ಯೂ ಅಲ್ಲವೆಂದು ಹೇಳಲಾಗದು. ಅದಕ್ಕೆ ಬೇರೆಯೇ ಪರೀಕ್ಷೆಯಿದೆ. ಡೆಂಗ್ಯೂ ಇದ್ದವರ ವರದಿಯಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ದಿನದಿಂದ ದಿನಕ್ಕೆ ಏರುತ್ತಿದೆಯೇ ಎಂಬುದನ್ನೂ ವೈದ್ಯರು ಗಮನಿಸುತ್ತಾರೆ, ಏಕೆಂದರೆ ರಕ್ತನಾಳದಿಂದ ದ್ರವ ಸೋರುತ್ತಿರುವುದರ ಸುಳಿವು ಅಲ್ಲಿರುತ್ತದೆ. ನಮ್ಮ ಜನ ಪ್ಲೇಟ್‌ಲೆಟ್ ಅಂಕಿಯೊಂದನ್ನೇ ಜಪಿಸುತ್ತಾರೆ ಎಂಬುದು ನನ್ನ ಹಳೆಯ ದೂರು.

ಪ್ರಶ್ನೆ: ನಾನು ಡಿಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ) ಮೊದಲ ವರ್ಷದ ವಿದ್ಯಾರ್ಥಿನಿ. ನಾನು ಎಳೆಯುವ ಸ್ಮಿಯರ್ (ರಕ್ತಲೇಪ) ಒಮ್ಮೆ ದಪ್ಪವಾಗುತ್ತದೆ, ಒಮ್ಮೆ ಗೆರೆಗೆರೆಯಾಗುತ್ತದೆ. ಬಣ್ಣವೂ ಯಾವಾಗಲೂ ನೀಲಿಗೆ ತಿರುಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? - ದಾವಣಗೆರೆ

ಉತ್ತರ: ಸ್ಮಿಯರ್ ಎಳೆಯುವುದು ದೋಸೆ ಹುಯ್ಯುವಂಥ ಕೆಲಸ, ಮೊದಲ ಐವತ್ತು ಕೆಟ್ಟೇ ಕೆಡುತ್ತವೆ. ತೊಟ್ಟು ಚಿಕ್ಕದಿರಲಿ, ಎರಡು ಮೂರು ಮಿಲಿಮೀಟರ್ ಅಗಲ ಸಾಕು. ಅದನ್ನು ಸ್ಲೈಡಿನ ಒಂದು ತುದಿಯಿಂದ ಒಂದು ಸೆಂಟಿಮೀಟರ್ ಒಳಗೆ ಇಡಿ. ಎಳೆಯುವ ಸ್ಲೈಡನ್ನು 30ರಿಂದ 45 ಡಿಗ್ರಿ ಓರೆಯಲ್ಲಿ ಹಿಡಿದು, ತೊಟ್ಟನ್ನು ಮುಟ್ಟುವವರೆಗೆ ಹಿಂದಕ್ಕೆ ತಂದು, ರಕ್ತವು ಅಂಚಿನುದ್ದಕ್ಕೂ ತಾನಾಗಿ ಹರಡಿಕೊಳ್ಳುವವರೆಗೆ ಒಂದು ಕ್ಷಣ ಕಾಯಬೇಕು. ಬಹಳ ಮಂದಿ ಕಾಯದೇ ಹೋಗುವುದು ಇಲ್ಲಿಯೇ. ಆಮೇಲೆ ಒತ್ತದೆ, ತಡೆಯದೆ, ಒಂದೇ ಬೀಸಿನಲ್ಲಿ ಮುಂದಕ್ಕೆ ತಳ್ಳಿ. ರಕ್ತಹೀನತೆಯಿರುವವರ ನೀರಾದ ರಕ್ತಕ್ಕೆ ಕೋನವನ್ನು ಹೆಚ್ಚಿಸಿ, ಮಂದ ರಕ್ತಕ್ಕೆ ತಗ್ಗಿಸಿ. ಗೆರೆಗಳು ಮೂಡುತ್ತಿದ್ದರೆ ಎಳೆಯುವ ಸ್ಲೈಡಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಸುಲಭವಾಗಿ ಕಣ್ಣಿಗೆ ಬೀಳದಷ್ಟು ಮುಕ್ಕಾಗಿದ್ದರೂ ಬಿಳಿಕಣಗಳನ್ನು ಬಾಲದವರೆಗೆ ಗುಡಿಸಿಕೊಂಡು ಹೋಗುತ್ತದೆ. ಲೇಪದ ನಡುವೆ ತೂತುಗಳಿದ್ದರೆ ಸ್ಲೈಡಿನಲ್ಲಿ ಜಿಡ್ಡಿದೆ ಎಂದು ತಿಳಿಯಿರಿ.

ಬಣ್ಣದ ದೋಷಕ್ಕೆ ನಿಮ್ಮ ಕೈಯಲ್ಲ, ನೀರು ಕಾರಣವಿರಬಹುದು. ನೀವು ಬಳಸುವ ಲೀಷ್‌ಮನ್ ಬಣ್ಣವನ್ನು ಬ್ರಿಟಿಷ್ ಸೇನೆಯ ವೈದ್ಯ ವಿಲಿಯಂ ಲೀಷ್‌ಮನ್ 1901ರಲ್ಲಿ ಪ್ರಕಟಿಸಿದರು. ಅದು ಮೆಥನಾಲಿನಲ್ಲಿ ಕರಗಿರುವುದರಿಂದ ಮೊದಲ ಎರಡು ನಿಮಿಷ ಕಣಗಳನ್ನು ಗಾಜಿಗೆ ಕಚ್ಚಿಸುತ್ತದೆ. ಆನಂತರ ಅದರ ಎರಡು ಪಟ್ಟು ಬಫರ್ ನೀರನ್ನು (ಪಿಎಚ್ ಬದಲಾಗದಂತೆ ಹದಗೊಳಿಸಿದ ನೀರನ್ನು) ಬೆರೆಸಿ ಹತ್ತು ನಿಮಿಷ ಬಿಟ್ಟಾಗ ಬಣ್ಣ ಹತ್ತುತ್ತದೆ. ಈ ನೀರಿನ ಪಿಎಚ್ 6.8 ಇರಬೇಕು. ಬೋರ್‌ವೆಲ್‌ನ ಗಡಸು ನೀರು ಕ್ಷಾರೀಯವಾಗಿದ್ದರೆ ಎಲ್ಲವೂ ನೀಲಿಯಾಗುತ್ತದೆ. ಲೇಪ ದಪ್ಪವಾದಾಗಲೂ ಹಾಗೆಯೇ. ತೊಳೆಯುವಾಗ ಬಣ್ಣವನ್ನು ಬಗ್ಗಿಸಿ ಚೆಲ್ಲದೆ, ಸ್ಲೈಡ್ ಅಡ್ಡವಿರುವಂತೆಯೇ ಮೇಲಿನಿಂದ ನೀರು ಬಿಟ್ಟು ತೇಲಿಸಿ ಕಳೆಯಿರಿ, ಇಲ್ಲದಿದ್ದರೆ ಬಣ್ಣದ ಕಸ ಕಣಗಳ ಮೇಲೆ ಕುಳಿತು ಪ್ಲೇಟ್‌ಲೆಟ್ಟಿನ ವೇಷ ಹಾಕುತ್ತದೆ.

ಪ್ರಶ್ನೆ: ಮದುವೆ ನಿಶ್ಚಯವಾಗಿರುವ ನನ್ನ ಮಗಳಿಗೆ ಹಿಮೋಗ್ಲೋಬಿನ್ 11.2, ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) 66, ಕೆಂಪುಕಣ 56 ಲಕ್ಷ. ಆರು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗಿಯೂ ಏರಲಿಲ್ಲ. - ಮಂಗಳೂರು

ಉತ್ತರ: ಕಬ್ಬಿಣದ ಕೊರತೆಯಲ್ಲಿ ಕಣಗಳು ಚಿಕ್ಕದಾಗುವುದರ ಜೊತೆಗೆ ಅವುಗಳ ಸಂಖ್ಯೆಯೂ ಸಾಮಾನ್ಯವಾಗಿ ಇಳಿಯುತ್ತದೆ. ನಿಮ್ಮ ಮಗಳಲ್ಲಿ ಕಣಗಳು ತೀರ ಚಿಕ್ಕವು, ಸಂಖ್ಯೆ ಮಾತ್ರ ಹೆಚ್ಚು. ಎಂಸಿವಿ 66ನ್ನು ಕೆಂಪುಕಣದ ಸಂಖ್ಯೆಯಿಂದ, ಅಂದರೆ 5.6ರಿಂದ (56 ಲಕ್ಷವೆಂದರೆ 5.6 ಮಿಲಿಯನ್) ಭಾಗಿಸಿದರೆ 12ಕ್ಕೂ ಕಡಿಮೆ. ಇದು 13ಕ್ಕಿಂತ ಕೆಳಗಿದ್ದರೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ) ವಾಹಕ ಸ್ಥಿತಿಯನ್ನು ಶಂಕಿಸುವುದು ವಾಡಿಕೆ. ಇದು ಶಂಕೆಯಷ್ಟೇ. ವೈದ್ಯರನ್ನು ಕೇಳಿ ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತಿಳಿಸುವುದು) ಮತ್ತು ಹಿಮೋಗ್ಲೋಬಿನ್ ಎ2 (ವಾಹಕರಲ್ಲಿ ಸಾಮಾನ್ಯವಾಗಿ ಹೆಚ್ಚಿರುವುದು) ಪರೀಕ್ಷೆಗಳನ್ನು ಮಾಡಿಸಿ, ಅಲ್ಲಿಯವರೆಗೆ ಮಾತ್ರೆ ಮುಂದುವರಿಸಬೇಕೇ ಎಂಬುದನ್ನೂ ಅವರೇ ಹೇಳಲಿ. ವಾಹಕಳೆಂದು ತಿಳಿದರೂ ಆಕೆಯ ಆರೋಗ್ಯಕ್ಕೆ ಅಂಜಬೇಕಾದ್ದಿಲ್ಲ. ಆದರೆ ಹುಡುಗನಿಗೂ ಪರೀಕ್ಷೆಯಾಗಬೇಕು, ಏಕೆಂದರೆ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಥಲಸ್ಸೀಮಿಯಾ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.