ಎಸ್‌ಜಿಪಿಟಿ ಇಳಿದಿದೆ, ಪ್ಲೇಟ್‌ಲೆಟ್ ಕೂಡ ಇಳಿದಿದೆ

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ತಂದೆಗೆ 58 ವರ್ಷ, ತೂಕ 80 ಕೆ.ಜಿ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ವಾರಕ್ಕೆ ಎರಡು ಮೂರು ಸಂಜೆ ಡ್ರಿಂಕ್ಸ್ ತೆಗೆದುಕೊಳ್ಳುತ್ತಾರೆ. 2019ರಲ್ಲಿ ಸ್ಕ್ಯಾನ್ ಮಾಡಿಸಿದಾಗ ಫ್ಯಾಟಿ ಲಿವರ್ ಎಂದರು. ಆಗ ಎಸ್‌ಜಿಒಟಿ 38, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2.30 ಲಕ್ಷ ಇತ್ತು. ಈಗ ಎಸ್‌ಜಿಒಟಿ 49, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.62 ಲಕ್ಷ. ಬಿಲಿರುಬಿನ್ 0.9, ಆಲ್ಬುಮಿನ್ 4.0, ಐಎನ್‌ಆರ್ 1.0, ಕ್ರಿಯಾಟಿನಿನ್ 0.9. ‘ಎಸ್‌ಜಿಪಿಟಿ ಇಳಿದಿದೆ, ಲಿವರ್ ಸರಿಹೋಗಿದೆ’ ಎಂದು ತಂದೆ ನಿಶ್ಚಿಂತೆಯಾಗಿದ್ದಾರೆ. ಮುಂದೇನಾಗುತ್ತದೆ ಎಂದು ಬರೀ ರಕ್ತಪರೀಕ್ಷೆಯಿಂದ ಹೇಳಬಹುದಾ? ಬಯಾಪ್ಸಿ ಬೇಕಾ? ಏನಿದ್ದರೂ ಕೊಯ್ಲು ಮುಗಿಯಲಿ ಅನ್ನುತ್ತಾರೆ.

ಉತ್ತರ: 2019ರ ರಿಪೋರ್ಟನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟಿದ್ದೀರಲ್ಲ, ಅದೇ ದೊಡ್ಡ ಉಪಕಾರ. ಈಗಿನ ಕಾಗದ ಒಂದೇ ಕೈಗೆ ಬಂದಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಎಸ್‌ಜಿಒಟಿ, ಎಸ್‌ಜಿಪಿಟಿ ಅಂದರೆ ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎರಡು ಕಿಣ್ವಗಳು. ಅದರಲ್ಲಿ ಎಸ್‌ಜಿಒಟಿ ಒಂದು ಸ್ವಲ್ಪ ಜಾಸ್ತಿ. ಮಿಕ್ಕಿದ್ದೆಲ್ಲ ಲ್ಯಾಬ್ ಹಾಕಿದ ಮಿತಿಯ ಒಳಗೇ ಇದೆ. ಎರಡು ಕಾಗದ ಪಕ್ಕಪಕ್ಕ ಇಟ್ಟರೆ ಮಾತ್ರ ಚಿತ್ರ ಬೇರೆ.

ಫಿಬ್-4 ಎನ್ನುವ ಒಂದು ಲೆಕ್ಕ ಇದೆ. 2006ರಲ್ಲಿ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದವರಿಗಾಗಿ ಇದನ್ನು ರೂಪಿಸಿದರು. ಈಗ ಫ್ಯಾಟಿ ಲಿವರ್‌ಗೆ ಜಗತ್ತಿನ ಎಲ್ಲ ಕಡೆ ಬಳಸುತ್ತಾರೆ. ಲಿವರ್‌ನಲ್ಲಿ ಗಾಯದ ಕಲೆ, ಅಂದರೆ ಫೈಬ್ರೋಸಿಸ್, ಎಷ್ಟಿರಬಹುದು ಎಂದು ಅಂದಾಜು ಮಾಡುತ್ತದೆ. ಮನೆಯಲ್ಲೇ ಹಾಕಬಹುದು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ: 58 ಸಲ 49, ಅಂದರೆ 2842. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ 162 ಎಂದು ಹಿಡಿದು, ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. 36ರ ವರ್ಗಮೂಲ 6, ಹಾಗಾಗಿ 972. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.92.

ಫ್ಯಾಟಿ ಲಿವರ್ ಇರುವವರಲ್ಲಿ 1.3ಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ಕಲೆ ಇರುವ ಸಂಭವ ತೀರಾ ಕಡಿಮೆ. 2.67 ದಾಟಿದರೆ ಜಾಸ್ತಿ. 2019ರ ಅಂಕಿಗಳಿಗೆ ಇದೇ ಲೆಕ್ಕ ಹಾಕಿದೆ. 1.23 ಬಂತು. ವಯಸ್ಸು ಏರಿದ್ದಕ್ಕೇ ಇಷ್ಟು ಆಯಿತಾ ಅಂತ ಕೇಳಬಹುದು. ಅಲ್ಲ. ವಯಸ್ಸು ಮಾತ್ರ 52ರಿಂದ 58ಕ್ಕೆ ಏರಿ ಉಳಿದದ್ದು ಹಾಗೇ ಇದ್ದಿದ್ದರೆ 1.37 ಆಗುತ್ತಿತ್ತು.

ಎಸ್‌ಜಿಪಿಟಿ ಇಳಿದದ್ದು ಒಳ್ಳೆಯದೇ ಅಲ್ವಾ? ತೂಕ ಇಳಿಸಿ, ಕುಡಿತ ಬಿಟ್ಟು ಇಳಿದಿದ್ದರೆ ಹೌದು. ಆಗ ಎಸ್‌ಜಿಒಟಿಯೂ ಜೊತೆಗೆ ಇಳಿಯುತ್ತದೆ. ನಿಮ್ಮ ತಂದೆಯಲ್ಲಿ ಒಂದು ಇಳಿದಿದೆ, ಇನ್ನೊಂದು ಏರಿದೆ. ಮೊದಲು ಎಸ್‌ಜಿಪಿಟಿ ಮೇಲಿತ್ತು, ಈಗ ಎಸ್‌ಜಿಒಟಿ ಮೇಲಿದೆ. ಲಿವರ್‌ನಲ್ಲಿ ಕಲೆ ಹೆಚ್ಚುತ್ತಾ ಹೋದಾಗ ಹೀಗೆ ಅದಲು ಬದಲಾಗುವುದುಂಟು. ಮದ್ಯದಿಂದಲೂ ಹೀಗಾಗುತ್ತದೆ. ಬರೀ ಎಸ್‌ಜಿಪಿಟಿ ನೋಡಿ ನೆಮ್ಮದಿಯಿಂದ ಮನೆಗೆ ಹೋದವರು, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ವಾಪಸ್ ಬಂದದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಪ್ಲೇಟ್‌ಲೆಟ್. ಇದನ್ನು ಲಿವರ್ ಪರೀಕ್ಷೆ ಎಂದು ಯಾರೂ ನೋಡುವುದೇ ಇಲ್ಲ, ಏಕೆಂದರೆ ಅದು ಬೇರೆ ಕಾಗದದಲ್ಲಿ ಇರುತ್ತದೆ. ಮಳೆಗಾಲದಲ್ಲಿ ತೋಟದ ತೋಡಿಗೆ ಸೊಪ್ಪು, ಮಣ್ಣು ಸಿಕ್ಕಿಕೊಂಡರೆ ನೀರು ಮುಂದೆ ಹೋಗದೆ ಹಿಂದಿನ ಗದ್ದೆಗೆ ನುಗ್ಗುತ್ತದಲ್ಲ, ಇಲ್ಲೂ ಹಾಗೇ. ಕರುಳಿನಿಂದ ಬರುವ ರಕ್ತ ಲಿವರ್ ಮೂಲಕ ಸಾಗಬೇಕು. ಕಲೆ ಕಟ್ಟಿ ದಾರಿ ಬಿಗಿಯಾದರೆ ಒತ್ತಡ ಹಿಂದಕ್ಕೆ ಬಿದ್ದು ಗುಲ್ಮ (ಸ್ಪ್ಲೀನ್) ಊದುತ್ತದೆ. ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ, ಪ್ಲೇಟ್‌ಲೆಟ್ ತಯಾರಿಗೆ ಬೇಕಾದ ಹಾರ್ಮೋನನ್ನು ಲಿವರ್ ಕಡಿಮೆ ತಯಾರಿಸುತ್ತದೆ. 1.62 ಲಕ್ಷ ನಾರ್ಮಲ್ ಹೌದು. ಆದರೆ 2.30ರಿಂದ ಅಲ್ಲಿಗೆ ಬಂದಿದೆ.

ಈಗ ಸಮಾಧಾನದ ಮಾತು. ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಅಳತೆ) ಮೂರೂ ಚೆನ್ನಾಗಿವೆ. ಅಂದರೆ ಲಿವರ್ ತನ್ನ ಕೆಲಸ ಮಾಡುತ್ತಿದೆ. ಮೆಲ್ಡ್ ಎನ್ನುವ ಇನ್ನೊಂದು ಅಂಕ ಇದೆ. ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್ ಮೂರರಿಂದ ಹಾಕುತ್ತಾರೆ. ಮುಂದಿನ ಮೂರು ತಿಂಗಳಲ್ಲಿ ಜೀವಕ್ಕೆ ಎಷ್ಟು ಅಪಾಯ ಎಂದು ಅದು ಹೇಳುತ್ತದೆ. ಅಮೆರಿಕದಲ್ಲಿ 2002ರಲ್ಲಿ ಲಿವರ್ ಕಸಿಯ ಸರದಿಗೆ ಇದನ್ನೇ ಆಧಾರ ಮಾಡಿಕೊಂಡರು, ಈಗ ಇದರದೇ ಪರಿಷ್ಕರಿಸಿದ ರೂಪ ಬಳಸುತ್ತಾರೆ. 6ರಿಂದ 40ರವರೆಗೆ ಇರುತ್ತದೆ. ನಿಮ್ಮ ತಂದೆಯದು 6, ಎಲ್ಲಕ್ಕಿಂತ ಕಡಿಮೆ. ಫಿಬ್-4 ಮುಂದಿನ ವರ್ಷಗಳ ಬಗ್ಗೆ ಎಚ್ಚರಿಸುತ್ತದೆ, ಮೆಲ್ಡ್ ಮುಂದಿನ ತಿಂಗಳುಗಳ ಬಗ್ಗೆ. ಅವರಿಗೆ ಇನ್ನೂ ಸಮಯ ಇದೆ.

ಹಾಗಂತ ಫಿಬ್-4 2.92 ಅಂದರೆ ಸಿರೋಸಿಸ್, ಅಂದರೆ ಲಿವರ್ ಪೂರ್ತಿ ಕಲೆಗಟ್ಟಿದೆ, ಅಂತ ಅಲ್ಲ. ಕಡಿಮೆ ಬಂದಾಗ ಈ ಲೆಕ್ಕವನ್ನು ಧೈರ್ಯವಾಗಿ ನಂಬಬಹುದು. ಜಾಸ್ತಿ ಬಂದಾಗ ಮುಂದಿನ ಪರೀಕ್ಷೆಗೆ ಕರೆ ಅಷ್ಟೇ. ಜ್ವರ ಇದ್ದಾಗ ಕೊಟ್ಟ ರಕ್ತವಾದರೆ ಲೆಕ್ಕ ತಪ್ಪುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು ಎಸ್‌ಜಿಒಟಿ ಏರುತ್ತದೆ. ಹಿಂದಿನ ದಿನಗಳಲ್ಲಿ ಕುಡಿದಿದ್ದರೂ, ಮೈಮುರಿಯುವಷ್ಟು ಕೆಲಸ ಮಾಡಿದ್ದರೂ ಎಸ್‌ಜಿಒಟಿ ಏರಬಹುದು. 35ಕ್ಕಿಂತ ಚಿಕ್ಕವರಲ್ಲಿ ಈ ಲೆಕ್ಕ ಅಷ್ಟು ನಂಬಿಕೆಗೆ ಬಾರದು. 65 ದಾಟಿದವರಿಗೆ ಕೆಳಗಿನ ಮಿತಿ 1.3 ಅಲ್ಲ, 2.0. ತಂದೆಗೆ ಎರಡು ಮೂರು ವಾರ ಮದ್ಯ ನಿಲ್ಲಿಸಿ, ಜ್ವರ ಇಲ್ಲದಾಗ ಇನ್ನೊಮ್ಮೆ ರಕ್ತ ಕೊಡಿಸಿ. ಅದು ಬರೀ ರಕ್ತಕಣದ ಎಣಿಕೆ ಮತ್ತು ಲಿವರ್ ಪರೀಕ್ಷೆ, ಖರ್ಚು ಹೆಚ್ಚಿಲ್ಲ. ತೋಟದ ಲೈನ್ ಮನೆಯಲ್ಲಿ ಇರುವ ಕೆಲಸಗಾರರಿಗೂ ವರ್ಷಕ್ಕೊಮ್ಮೆ ಮಾಡಿಸಿದರೆ ಎಷ್ಟೋ ಜನ ಉಳಿಯುತ್ತಾರೆ, ಸಾಧ್ಯವಾದರೆ ಮಾಡಿಸಿ.

ಆಗಲೂ ಅಂಕ ಮೇಲೇ ಇದ್ದರೆ ಫೈಬ್ರೋಸ್ಕ್ಯಾನ್ ಮಾಡಿಸಿ. ಸೂಜಿ ಇಲ್ಲ, ನೋವಿಲ್ಲ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಹೊರಗಿನಿಂದಲೇ ಅಳೆಯುತ್ತಾರೆ. 8 ಕಿಲೋಪಾಸ್ಕಲ್‌ಗಿಂತ (ಗಟ್ಟಿತನದ ಅಳತೆ) ಕಡಿಮೆ ಬಂದರೆ ಆತಂಕ ಬೇಡ, 12 ದಾಟಿದರೆ ಲಿವರ್ ತಜ್ಞರ ನಿಗಾ ಬೇಕು. ಬಯಾಪ್ಸಿಯ, ಅಂದರೆ ಸೂಜಿಯಿಂದ ಲಿವರ್‌ನ ಚೂರು ತೆಗೆದು ನೋಡುವ, ಮಾತು ಫಿಬ್-4 ಮತ್ತು ಫೈಬ್ರೋಸ್ಕ್ಯಾನ್ ಒಂದಕ್ಕೊಂದು ತಾಳೆಯಾಗದಿದ್ದಾಗ, ಅಥವಾ ಬೇರೆ ಕಾಯಿಲೆಯ ಅನುಮಾನ ಬಂದಾಗ ಮಾತ್ರ. ಹೆಪಟೈಟಿಸ್ ಬಿ ಮತ್ತು ಸಿ ಕೂಡ ಒಮ್ಮೆ ನೋಡಿಸಿ. 2018ರಿಂದ ಇರುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದರ ಪರೀಕ್ಷೆ, ಔಷಧಿ ಎರಡೂ ಉಚಿತ.

ಕುಡಿತದ ವಿಷಯ ನಾಜೂಕಾದದ್ದು, ನನಗೆ ಗೊತ್ತು. ಕೊಡಗಿನಲ್ಲಿ ಮದುವೆ, ಪುತ್ತರಿ, ಕೈಲ್‌ಪೊಳ್ದ್ ಹಬ್ಬ ಅಂದರೆ ಗ್ಲಾಸ್ ಕೈಗೆ ಬಂದೇ ಬರುತ್ತದೆ. ಬೇಡ ಅಂದರೆ ಮನೆಯವರಿಗೆ ಬೇಜಾರು. ಆದರೆ ಸಕ್ಕರೆ ಕಾಯಿಲೆ ಮತ್ತು ಮದ್ಯ ಸೇರಿದರೆ ಲಿವರ್‌ಗೆ ಎರಡು ಕಡೆಯಿಂದ ಪೆಟ್ಟು. ಕಡಿಮೆ ಮಾಡಿ ಎಂದು ಹೇಳಲಾರೆ, ಪೂರ್ತಿ ಬಿಡಲಿ. ತೂಕ ಏಳೆಂಟು ಕಿಲೋ ಇಳಿದರೆ ಕಲೆಯೇ ಕರಗುವ ಸಾಧ್ಯತೆ ಇದೆ, ಅದಕ್ಕೆ ಸಮನಾದ ಮಾತ್ರೆ ಕಡಿಮೆ. ‘ಲಿವರ್‌ಗೆ ಒಳ್ಳೆಯದು’ ಎಂದು ಯಾರೋ ಕೊಡುವ ಕಷಾಯ ಸುಮ್ನೆ ಕುಡಿಸಬೇಡಿ. ಅಮೃತಬಳ್ಳಿಯಿಂದ ಲಿವರ್ ಕೆಟ್ಟವರು ನಮ್ಮ ದೇಶದಲ್ಲೇ ಇದ್ದಾರೆ. ಕಾಫಿ ಕುಡಿಯಲಿ, ಸಕ್ಕರೆ ಹಾಕದೆ, ದಿನಕ್ಕೆ ಎರಡು ಮೂರು ಲೋಟ. ಕಾಫಿ ಕುಡಿಯುವವರ ಲಿವರ್‌ನಲ್ಲಿ ಕಲೆ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಕೊಯ್ಲಿನವರೆಗೆ ಕಾಯಬಹುದಾ? ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಹೊಟ್ಟೆ ಊತ, ಕಣ್ಣು ಹಳದಿ, ಮಂಕು ಕವಿದಂತಾಗುವುದು, ಇದರಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಇವು ಇಲ್ಲದಿದ್ದರೆ ತುರ್ತೇನಿಲ್ಲ, ಆದರೆ ತಿಂಗಳೊಳಗೆ ಮುಗಿಸಿ. ಫೈಬ್ರೋಸ್ಕ್ಯಾನ್‌ಗೆ ಮೂರು ಗಂಟೆ ಹೊಟ್ಟೆ ಖಾಲಿ ಇದ್ದರೆ ಸಾಕು. ಬೆಳಿಗ್ಗೆ ಮೈಸೂರಿಗೆ ಹೊರಟರೆ ಸಂಜೆಗೆ ತೋಟದಲ್ಲಿರುತ್ತೀರಿ. ಸಕ್ಕರೆ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಎಂದು ಮೊದಲೇ ವೈದ್ಯರನ್ನು ಕೇಳಿಕೊಳ್ಳಿ. 2019ರ ಕಾಗದ ಮರೆಯದೆ ಒಯ್ಯಿರಿ.