ಜೊತೆಗೆ ಹೋಗಿ, ಆದರೆ ಮಾತು ನುಂಗಬೇಡಿ

ನೀವು ಕೇಳಿದ್ದು ಮೂರು ವಿಷಯ. ಚಳಿಗೆ ಎಂಥ ಕೋಟು, ಬಾಡಿಗೆ ಮನೆಗೆ ಯಾರ ಶಿಫಾರಸು. ಮೂರನೆಯದು, ನಮ್ಮ ಭಾಷೆಯವರೊಬ್ಬರು ಊರಿಂದ ಬಂದಿರುವ ತಮ್ಮ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ ಮಾತನ್ನು ಕನ್ನಡದಲ್ಲಿ ಹೇಳಿ ಎಂದಿದ್ದಾರೆ, ಪರದೇಶಕ್ಕೆ ಬಂದು ಎರಡೇ ತಿಂಗಳಾದವರು ಇದನ್ನು ಒಪ್ಪಿಕೊಳ್ಳಬಹುದೇ ಅಂತ. ಕೋಟು ಒಂದು ಸೈಜ್ ದೊಡ್ಡದೇ ಇರಲಿ, ಒಳಗೆ ಸ್ವೆಟರ್ ಹಿಡಿಸಬೇಕು. ಮನೆಗೆ ಶಿಫಾರಸು ಕೇಳಿ, ಆದರೆ ಯಾರ ಜಾಮೀನಿಗೂ ಸಹಿ ಹಾಕಬೇಡಿ. ಇವೆರಡಕ್ಕೆ ಅಷ್ಟು ಸಾಕು.

ಆ ತಾಯಿಯ ಜೊತೆ ಖಂಡಿತ ಹೋಗಿ. ಹೊಸದಾಗಿ ಬಂದವರ ಕೈಯಲ್ಲಿ ದುಡ್ಡಿರುವುದಿಲ್ಲ, ಕಾರಿರುವುದಿಲ್ಲ, ಎರಡು ಭಾಷೆ ಮಾತ್ರ ಇರುತ್ತದೆ. ನಾನು ಬಂದಿಳಿದ ವಾರ ನನ್ನ ಫಾರಂ ತುಂಬಿಕೊಟ್ಟವರ ಹತ್ತಿರ ಇದ್ದದ್ದೂ ಅಷ್ಟೇ.

ಮೊದಲು ಆಸ್ಪತ್ರೆಗೆ ಫೋನ್ ಮಾಡಿ ದುಭಾಷಿ ಸಿಗುತ್ತಾರಾ ಎಂದು ಕೇಳಿ. ಎಷ್ಟೋ ದೇಶಗಳಲ್ಲಿ ಆಸ್ಪತ್ರೆಯೇ ಒದಗಿಸುತ್ತದೆ, ಕೆಲವು ಕಡೆ ಫೋನಿನಲ್ಲೇ. ಆದರೆ ಮೊದಲೇ ಹೇಳಿಟ್ಟಿರಬೇಕು. ‘ಇಂಡಿಯನ್ ಭಾಷೆ’ ಎಂದರೆ ಹಿಂದಿಯವರನ್ನು ಕೂರಿಸಿಬಿಡುತ್ತಾರೆ. ಕನ್ನಡ ಎಂದು ಅಕ್ಷರ ಬಿಡಿಸಿ ಬರೆಸಿ. ದುಭಾಷಿ ಸಿಕ್ಕರೂ ನಿಮ್ಮ ಕೆಲಸ ತಪ್ಪುವುದಿಲ್ಲ, ಹಗುರವಾಗುತ್ತದೆ ಅಷ್ಟೇ. ಆಪರೇಷನ್ನಿಗೆ ಒಪ್ಪಿಗೆ, ಕ್ಯಾನ್ಸರ್ ರಿಪೋರ್ಟು, ಇಂಥವಕ್ಕೆ ದುಭಾಷಿ ಇಲ್ಲದೆ ಕೂರಲೇಬೇಡಿ. ಮನೆಯ ಮಕ್ಕಳ ಬಾಯಲ್ಲಿ ಹೇಳಿಸುವುದಂತೂ ಬೇಡವೇ ಬೇಡ.

ಹಿಂದಿನ ದಿನ ಅವರ ಮನೆಗೆ ಹೋಗಿ, ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಸ್ಟ್ರಿಪ್ ಸಮೇತ ಒಂದು ಚೀಲಕ್ಕೆ ಹಾಕಿಸಿ. ನಾಟಿ ಔಷಧಿ, ಪುಡಿ, ಲೇಹ್ಯ ಇದ್ದರೆ ಅವೂ ಬರಲಿ. ಅಂಥವುಗಳಲ್ಲಿ ಕೆಲವು, ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಆಗಿಬರುವುದಿಲ್ಲ. ಮಾತ್ರೆಯ ಕಂಪನಿ ಹೆಸರು ಇನ್ನೊಂದು ದೇಶದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿರುವ ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಎಷ್ಟು ವರ್ಷದಿಂದ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಶುಗರಿನ ಲೆಕ್ಕವೂ ಬೇರೆ. ನಮ್ಮಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ, ಹಲವು ದೇಶಗಳಲ್ಲಿ ಲೀಟರಿಗೆ ಮಿಲಿಮೋಲ್. 18ರಿಂದ ಭಾಗಿಸಿದರೆ ಸರಿಹೋಗುತ್ತದೆ: ನಮ್ಮ 180 ಅಲ್ಲಿ 10. ಇದು ಗೊತ್ತಿಲ್ಲದೆ ‘ಶುಗರ್ ಹತ್ತಕ್ಕೆ ಇಳಿದಿದೆಯಂತೆ’ ಎಂದು ಹೌಹಾರಿದವರಿದ್ದಾರೆ. ತಾರೀಕನ್ನು ಅಂಕಿಯಲ್ಲಿ ಬರೆಯಬೇಡಿ. 5/6 ಎಂದರೆ ಒಬ್ಬರಿಗೆ ಜೂನ್ 5, ಇನ್ನೊಬ್ಬರಿಗೆ ಮೇ 6.

ಒಳಗೆ ಹೋದ ಮೇಲೆ ತಾಯಿಯ ಪಕ್ಕ, ಅರ್ಧ ಹೆಜ್ಜೆ ಹಿಂದೆ ಕೂತುಕೊಳ್ಳಿ. ಡಾಕ್ಟರು ಅವರ ಮುಖ ನೋಡಿ ಮಾತಾಡಬೇಕು, ನಿಮ್ಮದಲ್ಲ. ‘ಅವರಿಗೆ ಮಂಡಿ ನೋವಂತೆ’ ಎನ್ನಬೇಡಿ, ‘ನನಗೆ ಮಂಡಿ ನೋವು’ ಎಂದೇ ಹೇಳಿ. ಬಾಯಿಗೆ ಮೊದಮೊದಲು ಹೊಂದದಿದ್ದರೂ ಯಾರ ಮಾತು ಯಾರದು ಎಂಬ ಗೊಂದಲ ಇರುವುದಿಲ್ಲ. ಎರಡು ಮೂರು ವಾಕ್ಯವಾದ ಕೂಡಲೇ ಕೈಯೆತ್ತಿ ನಿಲ್ಲಿಸಿ. ಐದು ನಿಮಿಷ ಕೇಳಿಸಿಕೊಂಡು ಆಮೇಲೆ ಹೇಳಹೊರಟರೆ ಅರ್ಧ ಮರೆತಿರುತ್ತೀರಿ.

ಎಡವುವುದು ಇಂಗ್ಲಿಷಿನಲ್ಲಿ ಎಂದುಕೊಳ್ಳುತ್ತೀರಿ. ಹೆಚ್ಚಾಗಿ ಎಡವುವುದು ಕನ್ನಡದಲ್ಲಿ. ‘ಸಂಕಟ ಆಗ್ತಿದೆ’ ಎಂದರೆ ವಾಕರಿಕೆಯೋ, ಎದೆ ಹಿಂಡುವುದೋ, ಬರೀ ಮನಸ್ಸಿನ ಕಳವಳವೋ? ‘ತಲೆ ಸುತ್ತು’ ಎಂದರೆ ಕೋಣೆಯೇ ತಿರುಗಿದಂತೆಯೋ, ಎದ್ದಾಗ ಕಣ್ಣು ಕತ್ತಲಿಟ್ಟಂತೆಯೋ? ಡಾಕ್ಟರಿಗೆ ಇವೆರಡೂ ಬೇರೆ ಬೇರೆ ದಾರಿ. ‘ಗ್ಯಾಸ್ಟ್ರಿಕ್’ ಎಂಬುದು ಇಂಗ್ಲಿಷ್ ಪದವೇ ಆದರೂ ನಾವು ಹೇಳುವ ಅರ್ಥದಲ್ಲಿ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಎದೆ ಉರಿಯೋ, ಹೊಟ್ಟೆ ಉಬ್ಬರವೋ, ಹುಳಿತೇಗೋ ಎಂದು ಬಿಡಿಸಿ ಕೇಳಬೇಕು. ಗೊತ್ತಾಗದಿದ್ದರೆ ಊಹಿಸಬೇಡಿ, ತಾಯಿಗೆ ಬೆರಳಿಟ್ಟು ತೋರಿಸಲು ಹೇಳಿ. 1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 18 ವರ್ಷದ ಹುಡುಗನೊಬ್ಬನ ಮನೆಯವರು ಸ್ಪ್ಯಾನಿಷಿನಲ್ಲಿ ‘ಇಂಟಾಕ್ಸಿಕಾದೋ’ ಎಂದರು. ತಿಂದದ್ದೇನೋ ಆಗಿಬರಲಿಲ್ಲ ಎಂಬ ಅರ್ಥದಲ್ಲಿ. ಆಸ್ಪತ್ರೆಯವರು ಅದನ್ನು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’ ಎಂದುಕೊಂಡು, ಮಾದಕವಸ್ತು ಸೇವಿಸಿದ್ದಾನೆಂದು ತಿಳಿದು ಚಿಕಿತ್ಸೆ ಶುರು ಮಾಡಿದರು. ತಲೆಯೊಳಗಿನ ರಕ್ತಸ್ರಾವ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು, ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು.

ಇನ್ನು ನನ್ನನ್ನು ಈಗಲೂ ಕೊರೆಯುವ ಮಾತು. ಹಿರಿಯರಿಗೆ ಗಾಬರಿಯಾಗಬಾರದೆಂದು ನಾವು ಡಾಕ್ಟರ ಮಾತನ್ನು ಮೆತ್ತಗೆ ಮಾಡುತ್ತೇವೆ. ‘ಬಯಾಪ್ಸಿ ಮಾಡಲೇಬೇಕು, ತಡ ಮಾಡಬೇಡಿ’ ಎಂದದ್ದು ನಮ್ಮ ಬಾಯಲ್ಲಿ ‘ಇನ್ನೊಂದು ಟೆಸ್ಟ್ ಇದೆಯಂತೆ, ಚಿಂತೆ ಬೇಡಮ್ಮ’ ಆಗಿ ಬರುತ್ತದೆ. ಕೇಳಿದವರು ಮೊಮ್ಮಗುವಿನ ಹುಟ್ಟುಹಬ್ಬ ಮುಗಿಯಲಿ ಎಂದು ಟೆಸ್ಟ್ ಮುಂದಕ್ಕೆ ಹಾಕುತ್ತಾರೆ. ಅವರ ದೃಷ್ಟಿಯಲ್ಲಿ ಸರಿಯೇ, ಅವಸರ ಅಂತ ಯಾರೂ ಹೇಳಿಲ್ಲವಲ್ಲ. ಮಗ ಬಾಗಿಲ ಹೊರಗೆ ನಿಮ್ಮ ತೋಳು ಹಿಡಿದು ‘ಅಮ್ಮನಿಗೆ ಎಲ್ಲ ಹೇಳಬೇಡಿ’ ಎಂದರೂ ನೀವು ಒಪ್ಪಿಕೊಳ್ಳಬಾರದು. ‘ನಾನು ಹೇಳುವುದಿದ್ದರೆ ಪೂರ್ತಿ ಹೇಳುತ್ತೇನೆ, ಇಲ್ಲದಿದ್ದರೆ ದುಭಾಷಿಯನ್ನು ಕರೆಸಿ’ ಎಂದು ಮುಂಚೆಯೇ ಹೇಳಿಬಿಡಿ. ಸ್ವಲ್ಪ ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ. ಈ ಗಟ್ಟಿತನ ನನಗೆ ಬಂದದ್ದು ತಡವಾಗಿ.

ಹೊರಡುವ ಮುಂಚೆ ‘ಅರ್ಥವಾಯ್ತಾ’ ಎಂದು ಕೇಳಬೇಡಿ, ಎಲ್ಲರೂ ತಲೆಯಾಡಿಸುತ್ತಾರೆ. ‘ಈ ಮಾತ್ರೆ ಹೇಗೆ ತಗೊಳ್ತೀರಿ, ನನಗೆ ಹೇಳಿ ನೋಡೋಣ’ ಎನ್ನಿ. ತಪ್ಪಿದ್ದರೆ ಡಾಕ್ಟರ ಎದುರೇ ತಿದ್ದಬಹುದು. ನೋವಿನ ಮಾತ್ರೆ ಕೊಟ್ಟಿದ್ದರೆ ಇದೊಂದು ನೆನಪಿರಲಿ: ಕೆಲವು ದೇಶಗಳಲ್ಲಿ ಅಸಿಟಮಿನೊಫೆನ್ ಎನ್ನುವುದು ನಮ್ಮ ಪ್ಯಾರಾಸಿಟಮಾಲೇ. ಊರಿಂದ ತಂದದ್ದನ್ನೂ ಇಲ್ಲಿ ಕೊಟ್ಟದ್ದನ್ನೂ ಸೇರಿಸಿ ನುಂಗಿದರೆ ಡೋಸ್ ಎರಡು ಪಟ್ಟು. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ, ಅಂದರೆ 500ರ ಎಂಟು ಮಾತ್ರೆ ಮೀರಿದರೆ ಲಿವರಿಗೆ ಅಪಾಯ. ನೆಗಡಿ ಸಿರಪ್ಪಿನಲ್ಲೂ ಅದು ಸೇರಿರಬಹುದು, ಲೇಬಲ್ ಓದಿ.

ಏನು ಕಾಯಿಲೆ, ಯಾವ ಡಾಕ್ಟರು ಎಂದು ವಾಟ್ಸಾಪ್ ಗುಂಪಿನಲ್ಲಿ ಯಾರು ಕೇಳಿದರೂ ‘ಮನೆಯವರನ್ನೇ ಕೇಳಿ’ ಎಂದುಬಿಡಿ. ನಮ್ಮವರ ಗುಂಪು ಚಿಕ್ಕದು, ಸುದ್ದಿ ಸಂಜೆಯೊಳಗೆ ಎಲ್ಲ ಮನೆ ಸುತ್ತಿರುತ್ತದೆ.

ಮತ್ತೆ, ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದಾರಾ ಎಂದು ಇವತ್ತೇ ವಿಚಾರಿಸಿ. ಹೇಳಿದ್ದರೆ, ಶುಗರ್ ಮಾತ್ರೆಯನ್ನು ಬೆಳಿಗ್ಗೆ ತಗೊಳ್ಳಬೇಕೋ ಬಿಡಬೇಕೋ ಎಂಬುದನ್ನೂ ಆಸ್ಪತ್ರೆಯವರನ್ನೇ ಕೇಳಿ, ರಾತ್ರಿ ಮಲಗುವ ಮುಂಚೆ ಆ ತಾಯಿಗೆ ಫೋನ್ ಮಾಡಿ ಹೇಳಿ. ಬೆಳಗಿನ ಕಾಫಿಯೂ ಲೆಕ್ಕಕ್ಕೆ ಬರುತ್ತದೆ ಎಂದು ಸೇರಿಸಿ ಹೇಳಿ, ಅರ್ಧ ಲೋಟವಾದರೂ.