ಮೂರು ಚರಾಕ್ಷರಗಳ ಅಸಮತೆ

ಪ್ರಶ್ನೆ: ಎ² + ಬಿ² + ಸಿ² ಎಂಬುದು ಎ×ಬಿ + ಬಿ×ಸಿ + ಸಿ×ಎ ಗಿಂತ ಎಂದೂ ಕಡಿಮೆಯಾಗದೆಂದು ಮಗಳ ಪುಸ್ತಕದಲ್ಲಿದೆ. 1, 2, 3 ಹಾಕಿ ನೋಡಿದೆ. 14 ಮತ್ತು 11 ಬಂದವು. ಋಣ ಸಂಖ್ಯೆಗಳಿಗೂ ಇದು ನಿಜವೇ? ಎಷ್ಟು ಉದಾಹರಣೆಗಳನ್ನು ನೋಡಿದರೆ ಸಾಕು?

ಉತ್ತರ: ಎಷ್ಟು ನೋಡಿದರೂ ಸಾಲದು, ನೂರು ಉದಾಹರಣೆಗಳು ನಂಬಿಕೆಯನ್ನು ಹುಟ್ಟಿಸಬಹುದು, ಸಾಧನೆಯಾಗಲಾರವು. ಎಡಬದಿಯಿಂದ ಬಲಬದಿಯನ್ನು ಕಳೆದು, ಉಳಿದುದನ್ನು 2ರಿಂದ ಗುಣಿಸಿ, ಪದಗಳನ್ನು ಜೋಡಿಜೋಡಿಯಾಗಿ ಹೊಂದಿಸಿದರೆ (ಎ−ಬಿ)² + (ಬಿ−ಸಿ)² + (ಸಿ−ಎ)² ದೊರೆಯುತ್ತದೆ. ವಾಸ್ತವ ಸಂಖ್ಯೆಯ ವರ್ಗವು ಎಂದೂ ಋಣವಾಗದ ಕಾರಣ ಈ ಮೊತ್ತವೂ ಋಣವಾಗಲಾರದು, ಆದ್ದರಿಂದ ಋಣ ಸಂಖ್ಯೆಗಳಿಗೂ ಪುಸ್ತಕದ ಮಾತು ನಿಜ. 2ರಿಂದ ಗುಣಿಸುವ ಉಪಾಯ ತಾನಾಗಿ ಹೊಳೆಯುವಂಥದ್ದಲ್ಲ ಎಂಬುದನ್ನು ಒಪ್ಪುತ್ತೇನೆ.

ನಿಮ್ಮ ಉದಾಹರಣೆಯಲ್ಲಿ ವ್ಯತ್ಯಾಸಗಳ ವರ್ಗಗಳು 1, 1, 4. ಮೊತ್ತ 6, ಅದರ ಅರ್ಧ 3, ಅಂದರೆ 14ರಲ್ಲಿ 11 ಕಳೆದಾಗ ಉಳಿಯುವಷ್ಟೇ. 1ರ ಬದಲು −1 ಇಟ್ಟರೆ ವರ್ಗಗಳ ಮೊತ್ತ 14 ಆಗಿಯೇ ಉಳಿದು, ಗುಣಲಬ್ಧಗಳ ಮೊತ್ತ ಬರೀ 1ಕ್ಕೆ ಇಳಿಯುವುದರಿಂದ ಅಂತರ ಇನ್ನೂ ಹಿಗ್ಗುತ್ತದೆ.

ಎರಡೂ ಬದಿ ಸಮವಾಗಬೇಕಾದರೆ ಮೂರು ವರ್ಗಗಳೂ ಸೊನ್ನೆಯಾಗಬೇಕು, ಅಂದರೆ ಮೂರೂ ಸಂಖ್ಯೆಗಳು ಒಂದೇ ಆಗಿರಬೇಕು. ಎರಡು ಮಾತ್ರ ಒಂದೇ ಆದರೆ ಸಾಲದು: 2, 2, 5 ಇಟ್ಟರೆ 33 ಮತ್ತು 24 ಬರುತ್ತವೆ.